ಏಳಬೇಡ, ಬ್ರೈಡಿ!

"ಅಯ್ಯಯ್ಯೋ! ಯಾರೋ ನೀನು? ನನ್ನ ತೊಡೆಗೆ ಏನೋ ಚುಚ್ಚಿದೆ?"

ಬ್ರೈಡಿ ಹಾಲೊರನ್ ಕೂತಿದ್ದ ಮರದ ದಿಮ್ಮಿಯಿಂದ ಚಂಗನೆ ಮೇಲೆ ಹಾರಿದಳು. ಮಾಸ್ ಕ್ರೀಕ್ ಕೊಡಲಿ ಕ್ಲಬ್ಬಿನ ಶೆಡ್ಡಿನಲ್ಲಿ ಸೇರಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಅವಳೆದುರು ಒಬ್ಬ ಅಪರಿಚಿತ ಮಂಡಿಯೂರಿ ಕೂತಿದ್ದ. ಗುಂಗುರು ಕೂದಲು, ಬಿಸಿಲಿಗೆ ಕೆಂಪಾದ ಮೂಗು. ಕೈಯಲ್ಲಿ ದಪ್ಪ ಪೆನ್ನಿನಂಥದ್ದೊಂದು. ಪಾಪ, ಅವಳಿಗಿಂತ ಅವನೇ ಹೆಚ್ಚು ಬೆಚ್ಚಿದ್ದ!

"ಚುಚ್ಚಿಲ್ಲ ರೀ! ಇದರಲ್ಲಿ ಸೂಜೀನೇ ಇಲ್ಲ. ಕಲಿಯೋಕೆ ಅಂತ ಮಾಡಿರೋ ಸುಳ್ಳು ಪೆನ್ನು ಇದು. ಯಾರಾದ್ರೂ ಮುಂದೆ ಬರ್ತೀರಾ ಅಂತ ಕೇಳ್ದೆ. ಇವರು ನಿಮ್ಮ ಕಡೆ ಕೈ ತೋರಿಸಿದ್ರು. ನೀವು ನೋಡಿದ್ರೆ ಬೂಟಿನ ಲೇಸ್ ಕಟ್ಕೊಂಡು ಯಾವುದೋ ಲೋಕದಲ್ಲಿದ್ರಿ..."

"ಇವರು" ಎಂದರೆ ಬೇರಾರೂ ಅಲ್ಲ, ಅವಳ ಅಪ್ಪ ಮರ್ವ್. ಮಗಳನ್ನು ಸಿಕ್ಕಿಹಾಕಿಸಿದ ಖುಷಿಗೆ ಮೀಸೆಯಡಿಯಲ್ಲೇ ಮುಸಿಮುಸಿ ನಗುತ್ತಿದ್ದ.

"ಅಪ್ಪಾ! ಮನೆಗೆ ಬಾ, ಇದೆ ನಿಂಗೆ!"

ಬ್ರೈಡಿಗೆ ಮೂಗಿನ ತುದಿಯಲ್ಲೇ ಕೋಪ, ಅದು ಇಡೀ ಕಣಿವೆಗೆ ಗೊತ್ತು. ಆದರೆ ಆ ದಿನ ಕೋಪ ಬಂದಷ್ಟೇ ಬೇಗ ಇಳಿದೂ ಹೋಯಿತು. ಮಂಡಿಯೂರಿದವನ ಕಣ್ಣು ಅವಳನ್ನೇ ನೋಡುತ್ತಿತ್ತು, ಕ್ಷಮೆ ಕೇಳುವ ಹಾಗೆ... ಸ್ವಲ್ಪ ನಗುವ ಹಾಗೆಯೂ!

ಅವನ ಹೆಸರು ಆಂಗಸ್ ಟಿಲ್ಲಿ. ಊರಿನ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದ ಆಟದ ಮೇಷ್ಟ್ರು. ಹಿಂದಿನ ತಿಂಗಳು ಕ್ಲಬ್ಬಿನ ಹಿರಿಯರೊಬ್ಬರಿಗೆ ಸೌದೆ ರಾಶಿಯಲ್ಲಿ ಜ್ಯಾಕ್ ಜಂಪರ್ ಕಚ್ಚಿ, ಅವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅರ್ಧ ಜೀವವಾಗಿದ್ದರು. ಆ ಜಿಗಿಯುವ ಕರಿಯಿರುವೆ ನಮ್ಮ ಟಾಸ್ಮೇನಿಯಾದ ಕಾಡಿನಲ್ಲಿ ಎಲ್ಲಿಲ್ಲ ಹೇಳಿ! ಅದಕ್ಕೇ, ವಿಷ ಏರಿದವರಿಗೆ ತಕ್ಷಣ ಅಡ್ರಿನಾಲಿನ್ ಔಷಧಿ ಚುಚ್ಚುವ ಪೆನ್ನು ಬಳಸುವುದನ್ನು ಕಲಿಸಲು ಕ್ಲಬ್ಬಿನವರು ಮೇಷ್ಟ್ರನ್ನು ಕರೆಸಿದ್ದರು. ಶಾಲೆಯ ಮೇಷ್ಟ್ರುಗಳು ಈ ವಿದ್ಯೆಯನ್ನು ವರ್ಷವರ್ಷವೂ ಕಲಿಯಲೇಬೇಕು.

"ನೋಡಿ, ನೀಲಿ ಆಕಾಶಕ್ಕೆ, ಕಿತ್ತಳೆ ತೊಡೆಗೆ. ಇಷ್ಟು ನೆನಪಿಟ್ಕೊಳ್ಳಿ," ಎಂದ ಆಂಗಸ್. "ಮೊದಲು ಮನುಷ್ಯನನ್ನ ಮಲಗಿಸಿ. ಪೆನ್ನನ್ನ ಮುಷ್ಟಿಯಲ್ಲಿ ಹಿಡೀರಿ, ತುದಿಗೆ ಬೆರಳು ಇಡಲೇಬೇಡಿ. ನೀಲಿ ಮುಚ್ಚಳ ಕೀಳಿ. ಕಿತ್ತಳೆ ತುದೀನ ತೊಡೆಯ ಹೊರಮಗ್ಗುಲಿಗೆ, ಪ್ಯಾಂಟಿನ ಮೇಲಿಂದಾನೇ, ಕ್ಲಿಕ್ ಅನ್ನೋವರೆಗೂ ಒತ್ತಿ ಹಿಡೀರಿ. ಮೂರು ಎಣಿಸಿ, ತೆಗೀರಿ. ಆಂಬುಲೆನ್ಸಿಗೆ ಫೋನ್ ಮಾಡಿ. ಆಮೇಲೆ ಅವರು 'ನಾನು ಚೆನ್ನಾಗಿದ್ದೀನಿ' ಅಂತ ಎಷ್ಟೇ ಹೇಳಲಿ, ಎದ್ದು ನಿಲ್ಲೋಕೆ ಬಿಡಬೇಡಿ. ಒಂದು ಹೆಜ್ಜೆ ಕೂಡ ನಡೆಸಬೇಡಿ!"

"ಏನ್ ಮೇಷ್ಟ್ರೇ ನೀವು!" ಮರ್ವ್ ಗಹಗಹಿಸಿ ನಕ್ಕ. "ಹಾಲೊರನ್ ಮನೆತನದವರು ಒಂದು ಇರುವೆಗೆ ಅಡ್ಡಡ್ಡ ಮಲಗ್ತಾರಾ? ನಮ್ಮಪ್ಪ ಕಾಲ್ಬೆರಳು ಕಡಿದುಕೊಂಡು ಕೂಡ ಕಣದಿಂದ ನಡ್ಕೊಂಡೇ ಹೊರಗೆ ಬಂದಿದ್ದ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಕಣಿವೆಯ ಕೊಡಲಿಯವರ ಪದ್ಧತಿಯೇ ಹಾಗೆ. ಮರ ಕಡಿಯುವ ಪಂದ್ಯದ ಕಣದೊಳಗೆ ಏನೇ ಪೆಟ್ಟಾಗಲಿ, ಇಬ್ಬರು ಹೆಗಲು ಕೊಟ್ಟು ಎಬ್ಬಿಸುತ್ತಾರೆ. ಪೆಟ್ಟು ತಿಂದವನು ತನ್ನ ಕಾಲ ಮೇಲೆ ನಡೆದು ಹೋಗುತ್ತಾನೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಬೇರೆಯವರು ಹೊತ್ತುಕೊಂಡು ಹೋಗುವುದೆಂದರೆ ಮರ್ಯಾದೆಗೇಡು!

ಬ್ರೈಡಿಯೂ ನಕ್ಕಳು. ಆದರೆ ಅವಳ ಕಣ್ಣು ಮಾತ್ರ ಮೂಲೆಯಲ್ಲಿದ್ದ ತನ್ನ ಕೊಡಲಿ ಪೆಟ್ಟಿಗೆಯ ಕಡೆ ಹೊರಳಿತು.

'ಅಪ್ಪಂಗೆ ಗೊತ್ತಾದ್ರೆ...?'

ಯಾಕೆಂದರೆ ಹೋದ ಬೇಸಿಗೆಯಲ್ಲಿ ಅವಳಿಗೂ ಕಚ್ಚಿತ್ತು. ಮೈಯೆಲ್ಲ ದದ್ದು, ಗಂಟಲು ಬಿಗಿತ, ಕಣ್ಣು ಕತ್ತಲೆ. ಬದುಕಿದ್ದೇ ಪುಣ್ಯ! ಡಾಕ್ಟರು ಇಂಥದ್ದೇ ಒಂದು ನಿಜವಾದ ಪೆನ್ನು ಬರೆದುಕೊಟ್ಟಿದ್ದರು. ಅವಳು ಅದನ್ನು ಯಾರಿಗೂ ಕಾಣದಂತೆ ಕೊಡಲಿ ಪೆಟ್ಟಿಗೆಯಲ್ಲಿ ಬಟ್ಟೆಯಡಿ ಮುಚ್ಚಿಟ್ಟಿದ್ದಳು.

*

ಆ ಸಂಜೆಯೇ ಇನ್ನೊಂದು ತಮಾಷೆ ನಡೆಯಿತು.

ಊರ ಜಾತ್ರೆಗಿಂತ ದೊಡ್ಡದು ನಮಗೆ ವಾರ್ಷಿಕ ಕೃಷಿ ಮೇಳ. ಅದರಲ್ಲಿ ಗಂಡು-ಹೆಣ್ಣು ಜೋಡಿಯಾಗಿ ಉದ್ದ ಗರಗಸ ಎಳೆಯುವ ಸ್ಪರ್ಧೆಯೊಂದಿದೆ, ಅದನ್ನು ನೋಡಲು ಜನ ಮುಗಿಬೀಳುತ್ತಾರೆ. ಬ್ರೈಡಿ ಪ್ರತಿವರ್ಷ ಅಣ್ಣನ ಜೊತೆ ಎಳೆಯುತ್ತಿದ್ದಳು. ಈ ವರ್ಷ ಅಣ್ಣನ ಭುಜದ ಮೂಳೆ ಜಾರಿತ್ತು.

"ನನಗೆ ಗರಗಸ ಎಳೆದು ಗೊತ್ತು," ಎಂದ ಆಂಗಸ್ ಸಂಕೋಚದಿಂದ. "ನಮ್ಮ ಚಿಕ್ಕಮ್ಮನ ಜೊತೆ ಎಳೀತಿದ್ದೆ."

"ಚಿಕ್ಕಮ್ಮ ಏನು ಎಳೀತಿದ್ರು? ನಿನ್ನ ಕಿವೀನಾ?" ಎಂದಳು ಬ್ರೈಡಿ.

"ಎರಡೂ!"

ಅವಳಿಗೆ ನಗು ತಡೆಯಲಾಗಲಿಲ್ಲ. ಹೀಗೆ ಜೋಡಿ ಕೂಡಿತು.

ಮರುದಿನದಿಂದ ಅಭ್ಯಾಸ. ದಿಮ್ಮಿಯ ಆಚೆ ಅವನು, ಈಚೆ ಇವಳು, ನಡುವೆ ಹಲ್ಲು ಕಿರಿದ ಗರಗಸ.

"ತಳ್ಳಬೇಡ ಮೇಷ್ಟ್ರೇ! ಬರೀ ಎಳಿ! ನಾನು ಎಳೆಯೋವಾಗ ಕೈ ಸಡಿಲ ಬಿಡು!"

"ಬಿಟ್ಟೆನಲ್ಲ!"

"ಎಲ್ಲಿ ಬಿಟ್ಟೆ? ಹಸು ಹಗ್ಗ ಜಗ್ಗಿದ ಹಾಗೆ ಜಗ್ತಿದ್ದೀಯ!"

ಗರಗಸದ ಗುಟ್ಟೇ ಅದು. ಒಬ್ಬರು ಎಳೆಯುವಾಗ ಇನ್ನೊಬ್ಬರು ನಂಬಿ ಬಿಡಬೇಕು. ಮೊದಲ ವಾರ ಬರೀ ಜಗಳವೇ. ಎರಡನೆಯ ವಾರ ಗರಗಸ ಹಾಡತೊಡಗಿತು. ಆಮೇಲಾಮೇಲೆ ಅಭ್ಯಾಸ ಮುಗಿದರೂ ಇಬ್ಬರಿಗೂ ಮನೆ ನೆನಪಾಗುತ್ತಿರಲಿಲ್ಲ. ದಿಮ್ಮಿಯ ಮೇಲೆ ಕೂತು ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿದ ಪೈ ತಿನ್ನುತ್ತ, ಅವನು ಶಾಲೆಯ ಮಕ್ಕಳ ಕಿತಾಪತಿ ಹೇಳುವುದು, ಇವಳು ಹೊಟ್ಟೆ ಹಿಡಿದುಕೊಂಡು ನಗುವುದು...

'ಇವನು ನಕ್ಕರೆ ನನಗ್ಯಾಕೆ ಇಷ್ಟು ಖುಷಿ? ಥೂ, ಏನಾಗಿದೆ ನನಗೆ!'

ಏನಾಗಿದೆ ಎಂದು ಇಡೀ ಕ್ಲಬ್ಬಿಗೆ ಗೊತ್ತಿತ್ತು. ಅವಳೊಬ್ಬಳಿಗೆ ಗೊತ್ತಿರಲಿಲ್ಲ ಅಷ್ಟೆ.

ಒಂದು ಮಧ್ಯಾಹ್ನ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುತ್ತ ಆಂಗಸ್ ಅವಳ ಕೊಡಲಿ ಪೆಟ್ಟಿಗೆ ತೆರೆದ. ಅವನ ಮುಖದ ನಗು ಮಾಯವಾಯಿತು.

"ಬ್ರೈಡಿ... ಇದು ಯಾರದ್ದು?"

ಅವಳು ದಡಬಡಿಸಿ ಬಂದು ಪೆಟ್ಟಿಗೆಗೆ ಕೈ ಹಾಕಿದಳು. "ಮುಚ್ಚು ಅದನ್ನ!"

"ಇದರ ಕಿಟಕಿ ನೋಡು! ಒಳಗಿನ ಔಷಧಿ ನೀರಿನ ಹಾಗೆ ತಿಳಿಯಾಗಿರಬೇಕು. ಇದು ಚಹಾ ಬಣ್ಣಕ್ಕೆ ತಿರುಗಿದೆ! ಪೆಟ್ಟಿಗೇನ ಬಿಸಿಲಲ್ಲಿ ಗಾಡಿ ಮೇಲೆ ಬಿಟ್ಟಿದ್ದೀಯಾ?"

"ಬೇಸಿಗೆಯೆಲ್ಲ ಅಲ್ಲೇ ಇತ್ತು... ಅದಕ್ಕೇನೀಗ?"

"ಅದಕ್ಕೇನಾ? ನಿನ್ನ ಜೀವ ಇದರಲ್ಲಿದೆ ಕಣೇ! ಇದನ್ನ ಹೀಗಾ ಇಡೋದು?" ಮೊದಲ ಸಲ ಅವನು ಅವಳನ್ನು 'ಕಣೇ' ಎಂದಿದ್ದ. ಅದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಇದ್ದರು.

ಬ್ರೈಡಿ ಕಣ್ಣು ತುಂಬಿಕೊಂಡು ಎಲ್ಲ ಹೇಳಿದಳು. "ಅಪ್ಪಂಗೆ ಗೊತ್ತಾದ್ರೆ ಅವತ್ತೇ ನನ್ನ ಕೊಡಲಿ ಮಾರಿಬಿಡ್ತಾನೆ, ಆಂಗಸ್. ಅಮ್ಮ ಹೋದ ಮೇಲೆ ಅವನಿಗೆ ಸಣ್ಣ ಸಣ್ಣದಕ್ಕೂ ಭಯ. ಕಣ ಇಲ್ಲದಿದ್ರೆ ನಾನು ಯಾರು ಹೇಳು? ದಯವಿಟ್ಟು... ಯಾರಿಗೂ ಹೇಳಬೇಡ."

ಆಂಗಸ್ ಆ ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ.

"ಹೇಳಲ್ಲ. ಹೇಳಬೇಕಾದವಳು ನೀನೇ. ಆದ್ರೆ ನಾಳೇನೇ ಔಷಧಿ ಅಂಗಡಿಗೆ ಹೋಗಿ ಹೊಸ ಪೆನ್ನು ತರಬೇಕು. ಪೆಟ್ಟಿಗೆ ಯಾವಾಗಲೂ ನೆರಳಲ್ಲಿ, ನಿನ್ನ ಪಕ್ಕದಲ್ಲೇ ಇರಬೇಕು. ಇನ್ನೊಮ್ಮೆ ಏನಾದ್ರೂ ಕಚ್ಚಿದ್ರೆ, ಆ ಕ್ಷಣಾನೇ ನನಗೆ ಹೇಳ್ಬೇಕು. ಕಾದು ನೋಡೋದಿಲ್ಲ. ಮಾತು ಕೊಡು."

"ಕೊಟ್ಟೆ."

ಅವನ ಅಂಗೈಯ ಮೇಲೆ ಅವಳ ಅಂಗೈ. ಎರಡರಲ್ಲೂ ಗರಗಸದ ಬೊಬ್ಬೆಗಳು. ಯಾರು ಮೊದಲು ಕೈ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ!

*

ಮೇಳದ ದಿನ! ಬೆಳಿಗ್ಗೆಯಿಂದಲೇ ಮೈದಾನ ತುಂಬಿ ತುಳುಕುತ್ತಿತ್ತು. ಸಾಸೇಜು ಹುರಿಯುವ ವಾಸನೆ, ಕುರಿಗಳ ಅರಚಾಟ, ಮೈಕಿನವನ ಕೂಗಾಟ. ಬ್ರೈಡಿ ಬಿಳಿ ಪ್ಯಾಂಟು, ಬಿಳಿ ಬನಿಯನ್ ತೊಟ್ಟು ಹೊರಟಳು.

'ಇವತ್ತು ಗೆಲ್ತೀವಿ. ಗೆದ್ದ ಮೇಲೆ ಅವನಿಗೆ ಹೇಳಿಬಿಡ್ತೀನಿ... ಅಯ್ಯೋ, ಏನಂತ ಹೇಳಲಿ!'

ಅಷ್ಟರಲ್ಲಿ ಕಣದ ಬೇಲಿ ಬಳಿ ಅವಳು ಕಂಡದ್ದೇನು? ಅಪ್ಪ ಮತ್ತು ಆಂಗಸ್ ತಲೆಗೆ ತಲೆ ಸೇರಿಸಿ ಪಿಸುಗುಡುತ್ತಿದ್ದರು! ಅವಳನ್ನು ಕಂಡೊಡನೆ ಇಬ್ಬರೂ ಗಪ್‌ಚಿಪ್.

ಮರ್ವ್ ದಡದಡ ಹತ್ತಿರ ಬಂದ. "ಬ್ರೈಡಿ, ಇವತ್ತು ನೀನು ಕಣಕ್ಕೆ ಇಳಿಯೋದು ಬೇಡ."

"ಏನು?"

"ಇರುವೆ ವಿಷಯ ನನಗೆ ಗೊತ್ತು. ಪೆನ್ನಿನ ವಿಷಯಾನೂ ಗೊತ್ತು. ನಡಿ ಮನೆಗೆ."

ಬ್ರೈಡಿ ಅಪ್ಪನನ್ನು ದಾಟಿ ನೇರ ಆಂಗಸ್ ಬಳಿ ನಡೆದಳು.

"ಹೇಳಿಬಿಟ್ಟೆ ಅಲ್ವಾ? ಮಾತು ಕೊಟ್ಟು ಹೇಳಿಬಿಟ್ಟೆ!"

"ನಾನು ಹೇಳಿಲ್ಲ, ಬ್ರೈಡಿ."

"ನನ್ನ ಕಣ್ಣಾರೆ ನೋಡ್ದೆ!"

"ಅವರಾಗೇ ಬಂದು ಕೇಳಿದ್ರು. ನಾನು..."

"ಸಾಕು! ಇವತ್ತು ಗರಗಸ ಎಳೀತೀಯ, ಅಷ್ಟೇ. ಆಮೇಲೆ ನಿನ್ನ ಮುಖ ನನಗೆ ತೋರಿಸಬೇಡ."

ಹುಡುಗಿಯರ ಕೋಪಕ್ಕೆ ಕಾರಣವೇ ಇರುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾರಣ ಇತ್ತು. ತಪ್ಪು ಕಾರಣ, ಅದು ಬೇರೆ ಮಾತು. ಅವಳು ಬದುಕಿನಲ್ಲಿ ಮೊದಲ ಸಲ ಒಬ್ಬನನ್ನು ನಂಬಿ ಕೈ ಸಡಿಲ ಬಿಟ್ಟಿದ್ದಳು!

ಆಂಗಸ್ ಮುಖ ಬಿಳಿಚಿಕೊಂಡಿತು. ಆದರೂ ಅವನು ಹೊಸ ಪೆನ್ನಿದ್ದ ಅವಳ ಕೊಡಲಿ ಪೆಟ್ಟಿಗೆಯನ್ನು ಬಿಸಿಲಿನಿಂದ ಎತ್ತಿ ಬೇಲಿಯ ನೆರಳಿಗಿಟ್ಟ.

'ಇನ್ನೂ ನಾಟಕ ಆಡ್ತಾನೆ, ನೋಡು!'

"ಗರಗಸ ಜೋಡಿಗಳು ಕಣಕ್ಕೆ ಬನ್ನಿ!" ಮೈಕು ಕೂಗಿತು. ತಡೆಯಲು ಬಂದ ಅಪ್ಪನ ಕೈ ಕೊಸರಿಕೊಂಡು ಬ್ರೈಡಿ ಕಣಕ್ಕೆ ನುಗ್ಗಿದಳು.

ದೇವರೇ, ಆ ಗರಗಸ ಹೋದ ವೇಗ! ಕೋಪ ಬ್ರೈಡಿಯ ತೋಳಿಗೆ ಇಳಿದಿತ್ತು. ಆಂಗಸನ ತೋಳಿಗೆ ಏನು ಇಳಿದಿತ್ತೋ, ಅವನೂ ಒಂದು ಎಳೆತವನ್ನೂ ತಪ್ಪಿಸಲಿಲ್ಲ. ಎಳೆ, ಬಿಡು, ಎಳೆ, ಬಿಡು! ಮರದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತಿತ್ತು. ಜನ ಬೇಲಿ ಹತ್ತಿ ಕಿರುಚುತ್ತಿದ್ದರು. ಪಕ್ಕದ ಜೋಡಿ ಮುಂದೆ... ಸಮ ಸಮ... ಇಲ್ಲ, ಇವರು ಮುಂದೆ! ದಿಮ್ಮಿಯ ಬಿಲ್ಲೆ ಧೊಪ್ಪನೆ ನೆಲಕ್ಕೆ ಬಿತ್ತು.

"ಹಾಲೊರನ್! ಟಿಲ್ಲಿ! ಗೆದ್ದರು!"

ಅಭ್ಯಾಸಬಲದಿಂದ ಆಂಗಸ್ ಅವಳ ಕಡೆ ಕೈ ಚಾಚಿದ. ಬ್ರೈಡಿ ಮುಖ ತಿರುಗಿಸಿ ನಡೆದಳು. ಕಣದಾಚೆ ಮರಗಳ ಬುಡದ ಹುಲ್ಲಿನ ಮೇಲೆ ಬಿದ್ದುಕೊಂಡು, ಮುಂಗೈಯಿಂದ ಕಣ್ಣು ಮುಚ್ಚಿಕೊಂಡು ಅತ್ತಳು. ಗೆದ್ದವಳು ಹೀಗೆ ಅಳುವುದನ್ನು ಯಾರೂ ನೋಡಬಾರದಲ್ಲ!

ಆಗಲೇ ಮೊಣಕೈ ಬಳಿ ಕೆಂಡ ಮುಟ್ಟಿಸಿದಂತಾಯಿತು.

ಅವಳು ಥಟ್ಟನೆ ಎದ್ದು ನೋಡಿದಳು. ಕರಿ ಮೈ, ಹಳದಿ ಕಾಲು. ಜ್ಯಾಕ್ ಜಂಪರ್ ಜಿಗಿದು ಹುಲ್ಲಿನೊಳಗೆ ಮಾಯವಾಯಿತು.

'ಮಾತು ಕೊಟ್ಟಿದ್ದೀನಿ... ಆ ಕ್ಷಣಾನೇ ಹೇಳ್ತೀನಿ ಅಂತ.'

ಆಂಗಸ್ ದೂರದಲ್ಲಿ ಪೆಟ್ಟಿಗೆಯ ಪಕ್ಕ ನಿಂತಿದ್ದ.

'ಅವನು ಮಾತು ಉಳಿಸಿಕೊಂಡನಾ? ನಾನ್ಯಾಕೆ ಉಳಿಸಿಕೊಳ್ಳಲಿ! ಇನ್ನು ಕೊಡಲಿಯ ಒಂದು ಸುತ್ತು ಇದೆ. ಮುಗಿಸಿ ಹೇಳಿದರಾಯ್ತು. ಅಷ್ಟು ಹೊತ್ತಿನಲ್ಲಿ ಏನಾಗುತ್ತೆ?'

ನೀವು ಬೈಯುತ್ತಿದ್ದೀರಿ, ಗೊತ್ತು. ಬೈಯಿರಿ, ನಾನೂ ಬೈದೆ.

*

ನಮ್ಮ ಕಣದ ಕೊಡಲಿ ಸ್ಪರ್ಧೆಯಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡುವುದಿಲ್ಲ. ಎಣಿಸುವವನು ಒಂದು, ಎರಡು ಎಂದು ಕೂಗುತ್ತ ಹೋಗುತ್ತಾನೆ. ಹೊಸಬರು ಮೂರಕ್ಕೇ ಹೊಡೆಯಬಹುದು. ಗಟ್ಟಿಗರು ತಮ್ಮ ಸಂಖ್ಯೆ ಬರುವ ತನಕ ಕೊಡಲಿ ಹಿಡಿದು ಕಾಯಬೇಕು. ಬ್ರೈಡಿಯದು ಹದಿನೆಂಟು, ಎಲ್ಲರಿಗಿಂತ ಕೊನೆ. ಕೊನೆಗೆ ಶುರು ಮಾಡಿ ಮೊದಲು ಮುಗಿಸುವುದೇ ಅವಳ ಹೆಮ್ಮೆ.

ದಿಮ್ಮಿಯ ಮೇಲೆ ಕಾಲಗಲಿಸಿ ನಿಂತಳು. ಅಂಗೈ ತುರಿಸುತ್ತಿತ್ತು. ಹೊಟ್ಟೆ ತೊಳಸಿದಂತಾಗುತ್ತಿತ್ತು.

"ಒಂದು! ಎರಡು! ಮೂರು!"

ಪಕ್ಕದಲ್ಲಿ ಕೊಡಲಿಗಳು ಠಕ್ ಠಕ್ ಬಿದ್ದವು.

'ಕಾಯೋದು ನನಗೆ ಗೊತ್ತು. ಇದನ್ನೂ ಕಾಯ್ತೀನಿ...'

"ಒಂಬತ್ತು! ಹತ್ತು!"

ತುಟಿ ದಪ್ಪವಾಗಿತ್ತು. ಉಸಿರು ಯಾರೋ ಹಿಡಿದು ಎಳೆದಂತೆ ಕೀಚ್ ಕೀಚ್ ಎನ್ನುತ್ತಿತ್ತು. ಜನರ ಕೂಗು ಎಲ್ಲೋ ನೀರಿನಡಿಯಿಂದ ಕೇಳುತ್ತಿತ್ತು.

"ಹದಿನಾರು! ಹದಿನೇಳು! ಹದಿನೆಂಟು!"

ಕೊಡಲಿ ಮೇಲೇಳಲಿಲ್ಲ.

"ಹತ್ತೊಂಬತ್ತು..."

"ಬ್ರೈಡೀ!" ಯಾರೋ ಕೂಗಿದರು. ಸ್ಪರ್ಧೆ ನಡೆಯುವಾಗ ಕಣದೊಳಗೆ ನರಪಿಳ್ಳೆಯೂ ಕಾಲಿಡುವಂತಿಲ್ಲ. ಆಂಗಸ್ ಬೇಲಿ ಹಾರಿ ಓಡಿ ಬರುತ್ತಿದ್ದ, ಕಂಕುಳಲ್ಲಿ ಅವಳ ಕೊಡಲಿ ಪೆಟ್ಟಿಗೆ!

"ಹೊರಗೆ ಹೋಗಯ್ಯಾ! ಕಣ ಬಿಡು!" ಮೈಕು ಅರಚಿತು.

ಅವನು ಅವಳ ಕೈಯಿಂದ ಕೊಡಲಿ ಕಿತ್ತು ದೂರ ಎಸೆದ. ಅವಳನ್ನು ತೋಳಲ್ಲಿ ಹಿಡಿದು ಮೆಲ್ಲಗೆ ನೆಲಕ್ಕೆ ಮಲಗಿಸಿದ.

"ಕಚ್ಚಿತಾ?"

ಅವಳಿಗೆ ಮಾತು ಹೊರಡಲಿಲ್ಲ. ತಲೆಯಾಡಿಸಿದಳು. ಕಣ್ಣಿಂದ ನೀರು ಕಿವಿಗೆ ಇಳಿಯಿತು.

"ಆಯ್ತು. ನಾನಿದ್ದೀನಿ. ನೋಡು, ನಾನಿದ್ದೀನಿ."

ಪೆಟ್ಟಿಗೆಯಿಂದ ಪೆನ್ನು ತೆಗೆದು ನೀಲಿ ಮುಚ್ಚಳ ಕಿತ್ತ. ಬಿಳಿ ಪ್ಯಾಂಟಿನ ಮೇಲೆ, ತೊಡೆಯ ಹೊರಮಗ್ಗುಲಿಗೆ ಒತ್ತಿದ. ಕ್ಲಿಕ್! "ಒಂದು... ಎರಡು... ಮೂರು." ಪೆನ್ನು ತೆಗೆದ. "ಆಂಬುಲೆನ್ಸಿಗೆ ಫೋನ್ ಮಾಡಿ! ಇರುವೆ ಕಚ್ಚಿದೆ, ಅಡ್ರಿನಾಲಿನ್ ಕೊಟ್ಟಾಯ್ತು ಅಂತ ಹೇಳಿ!"

ಅವಳ ಎದೆ ಹುಚ್ಚು ಕುದುರೆಯಂತೆ ಓಡತೊಡಗಿತು. ಕೈ ಗಡಗಡ ನಡುಗಿತು. ಆದರೆ ಸ್ವಲ್ಪ ಹೊತ್ತಿಗೆ... ಗಾಳಿ! ಗಂಟಲೊಳಗೆ ಗಾಳಿ ಬಂತು! ಇಷ್ಟು ಸಿಹಿಯಾದ ಗಾಳಿಯನ್ನು ಅವಳು ಹಿಂದೆಂದೂ ಕುಡಿದಿರಲಿಲ್ಲ.

"ಅಪ್ಪಾ..." ಎಂದಳು ಗೊಗ್ಗರು ದನಿಯಲ್ಲಿ.

ಅಷ್ಟರಲ್ಲಿ ಮರ್ವ್ ಅವಳ ಪಕ್ಕ ಕುಸಿದು ಕೂತಿದ್ದ. ಮಗಳ ದನಿ ಕೇಳಿ ಮುದುಕನಿಗೆ ಹೋದ ಜೀವ ಬಂದಂತಾಯಿತು. "ಮಾತಾಡಿದಳು! ನನ್ನ ಮಗಳು ಮಾತಾಡಿದಳು! ಏನೂ ಆಗಿಲ್ಲ ಇವಳಿಗೆ! ಏಳು ಪುಟ್ಟಾ, ನಡಿ, ಜನ ಕಾಯ್ತಿದ್ದಾರೆ!"

ಜನ ನಿಜವಾಗಿಯೂ ಕಾಯುತ್ತಿದ್ದರು. ಎಲ್ಲರೂ ಎದ್ದು ನಿಂತು ತಾಳ ಹಾಕಿ ಚಪ್ಪಾಳೆ ಶುರು ಮಾಡಿದರು. "ಏಳು ಬ್ರೈಡಿ! ನಡಿ ಬ್ರೈಡಿ!"

ಅವಳಿಗೂ ಹುರುಪು ಬಂತು. ಹಾಲೊರನ್ ಮಗಳಲ್ಲವೇ! ಅಪ್ಪನ ತೋಳು ಹಿಡಿದು ಮೇಲೇಳಲು ಹೋದಳು. ಬೆನ್ನು ನೆಲ ಬಿಟ್ಟಿತ್ತಷ್ಟೆ, ಮೈಯ ರಕ್ತವೆಲ್ಲ ಪಾದಕ್ಕೆ ಸೋರಿದ ಹಾಗೆ, ಕಣ್ಣೆದುರು ಕಪ್ಪು ಪರದೆ...

"ಏಳಬೇಡ, ಬ್ರೈಡಿ!" ಎರಡು ಕೈಗಳು ಅವಳ ಭುಜ ಹಿಡಿದು ನೆಲಕ್ಕೊತ್ತಿದವು. "ಬಿಡಿ ಮರ್ವ್, ಅವಳನ್ನ ಬಿಡಿ!"

"ನನ್ನ ಮಗಳು ಕಣೋ ಅವಳು! ನಮ್ಮ ಮನೆಯವರು ಕಣದಿಂದ ನಡ್ಕೊಂಡೇ..."

"ನಡೆಸಿದ್ರೆ ಸಾಯ್ತಾಳೆ!" ಆಂಗಸ್ ಗುಡುಗಿದ. "ನಿಲ್ಲಿಸಿದ ತಕ್ಷಣ ಎದೆಬಡಿತಾನೇ ನಿಂತು ಹೋಗಬಹುದು! ಬೇಕಾದ್ರೆ ನನ್ನನ್ನ ಹೊಡೀರಿ. ಇವಳನ್ನ ಮಾತ್ರ ಎಬ್ಬಿಸೋಕೆ ಬಿಡಲ್ಲ!"

ಮೈದಾನದಲ್ಲೆಲ್ಲ ಹುಯಿಲೆದ್ದಿತು. "ಊಊ... ಹೊರಗೆ ಹಾಕಿ ಅವನನ್ನ! ಹುಡುಗೀನ ಬಿಡೋ!" ಯಾರೋ ಅರ್ಧ ತಿಂದ ಪೈ ಎಸೆದರು. ಅದು ಅವನ ಬೆನ್ನಿಗೆ ಬಡಿಯಿತು. ಅವನು ಅಲುಗಲಿಲ್ಲ.

ಬ್ರೈಡಿ ಕೆಳಗಿನಿಂದ ಅವನ ಮುಖ ನೋಡಿದಳು. ಗಲ್ಲದ ಮೇಲೆ ಬೆವರು. ಕಣ್ಣಲ್ಲಿ ನೀರು. ಇಡೀ ಕಣಿವೆ ಉಗಿಯುತ್ತಿದ್ದರೂ ಕೈ ಮಾತ್ರ ಸಡಿಲವಾಗಲಿಲ್ಲ.

'ಇಷ್ಟು ಜನರ ಎದುರು ನನಗೋಸ್ಕರ ನಿಂತವನು... ನನ್ನ ಬೆನ್ನ ಹಿಂದೆ ಮಾತು ಮುರೀತಾನಾ? ನಾನೆಂಥ ಪೆದ್ದಿ!'

ಹೇಳಬೇಕೆಂದುಕೊಂಡಳು. ದನಿ ಮತ್ತೆ ಬಿಗಿಯುತ್ತಿತ್ತು. ಬರೀ ಅವನ ಅಂಗಿಯ ತೋಳನ್ನು ಹಿಡಿದುಕೊಂಡಳು, ಬಿಗಿಯಾಗಿ.

ಆಂಬುಲೆನ್ಸ್ ನೇರ ಕಣದೊಳಗೇ ಬಂತು. ಬಂದ ಹೆಂಗಸು ನಾಡಿ ಹಿಡಿದಳು, ರಕ್ತದೊತ್ತಡ ನೋಡಿದಳು, ತುಟಿ ಕಚ್ಚಿಕೊಂಡಳು. ಎರಡನೆಯ ಸೂಜಿ ತೊಡೆಗೆ ಚುಚ್ಚಿದಳು.

"ಇವಳನ್ನ ಎದ್ದು ನಿಲ್ಲಿಸಿದ್ರಾ?"

"ಇಲ್ಲ," ಎಂದ ಆಂಗಸ್.

"ಪುಣ್ಯಾತ್ಮ! ನಿಲ್ಲಿಸಿದ್ದಿದ್ರೆ ನಾನು ಬಂದೂ ಉಪಯೋಗ ಇರ್ತಿರಲಿಲ್ಲ."

ಹತ್ತಿರ ನಿಂತವರಿಗೆ ಅದು ಕೇಳಿಸಿತು. ಅವರು ಪಕ್ಕದವರಿಗೆ ಹೇಳಿದರು. ಹುಯಿಲು ಹಾಗೇ ಅಡಗಿತು. ಮರ್ವ್ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಒತ್ತಿಕೊಂಡು, ಮಗುವಿನಂತೆ ಅತ್ತುಬಿಟ್ಟ.

ಹಾಲೊರನ್ ಮನೆತನದ ಹುಡುಗಿಯೊಬ್ಬಳು ಮೊದಲ ಸಲ ಮಲಗಿಕೊಂಡೇ ಕಣದಿಂದ ಹೊರಗೆ ಹೋದಳು.

*

ಆಸ್ಪತ್ರೆಯ ಕಿಟಕಿಯಿಂದ ಸಂಜೆಯ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ವಿಷ ಮತ್ತೆ ತಿರುಗಿಬೀಳಬಹುದೆಂದು ಡಾಕ್ಟರು ಬ್ರೈಡಿಯನ್ನು ಅಲ್ಲೇ ಇರಿಸಿಕೊಂಡಿದ್ದರು. ಮರ್ವ್ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ಅಪ್ಪಾ, ಒಂದು ಕೇಳ್ತೀನಿ, ನಿಜ ಹೇಳು. ನಿನಗೆ ಹೇಳಿದ್ದು ಯಾರು?"

"ಯಾರು ಹೇಳ್ಬೇಕು? ನಿನ್ನ ಕೊಡಲಿ ಮಸೆಯೋನು ಯಾರು? ನಾನೇ ತಾನೆ! ಪೆಟ್ಟಿಗೆ ತೆರೆಯೋನು ನಾನೇ ತಾನೆ! ಮೊದಲ ದಿನದಿಂದ ಆ ಪೆನ್ನು ನೋಡ್ತಾ ಇದ್ದೀನಿ. ಅವತ್ತು ಶೆಡ್ಡಿನಲ್ಲಿ ಜಂಬ ಕೊಚ್ಚಿದ್ದೂ ಭಯ ಮುಚ್ಚೋಕೇ. ನೀನಾಗೇ ಹೇಳ್ತೀಯ ಅಂತ ಕಾದೆ. ಇವತ್ತು ಭಯ ತಡೆಯೋಕಾಗದೆ ಮೇಷ್ಟ್ರನ್ನ ಕೇಳ್ದೆ. 'ನನ್ನ ಬಾಯಿಂದ ಏನೂ ಬರಲ್ಲ, ನಿಮ್ಮ ಮಗಳನ್ನೇ ಕೇಳಿ' ಅಂದ. ನಾನು ಬೈದರೂ ತುಟಿ ಬಿಚ್ಚಲಿಲ್ಲ!"

ಬ್ರೈಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಕೊಡಲಿ ಮಾರಲ್ಲ ಬಿಡು," ಎಂದ ಮರ್ವ್, ಅವಳ ತಲೆ ಸವರುತ್ತ. "ಹೋಬಾರ್ಟಿನ ದೊಡ್ಡಾಸ್ಪತ್ರೆಯಲ್ಲಿ ಈ ವಿಷಕ್ಕೆ ಮೈ ಒಗ್ಗಿಸೋ ಚಿಕಿತ್ಸೆ ಇದೆಯಂತೆ. ಡಾಕ್ಟರು ಬರೆದುಕೊಡ್ತಾರೆ. ನಾನೇ ಕರ್ಕೊಂಡು ಹೋಗ್ತೀನಿ. ನಿನ್ನ ಮರ್ಯಾದೆ ಉಳಿಸೋಕೆ ಹೋಗಿ ನಿನ್ನನ್ನೇ ಕಳ್ಕೊಳ್ತಿದ್ದೆನಲ್ಲೇ ಪುಟ್ಟಾ..."

ಅವಳು ಅಪ್ಪನ ಒರಟು ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವನೆಲ್ಲಿ?"

"ಹೊರಗೆ ಕೂತಿದ್ದಾನೆ. ಒಳಗೆ ಬಾ ಅಂದ್ರೆ, 'ಅವಳು ಮುಖ ತೋರಿಸಬೇಡ ಅಂದಿದ್ದಾಳೆ' ಅಂತಾನೆ. ಮೇಷ್ಟ್ರು ನೋಡು, ಹೇಳಿದ್ದನ್ನ ಅಕ್ಷರಶಃ ಪಾಲಿಸ್ತಾನೆ!"

ಮರ್ವ್ ಎದ್ದು ಹೋಗಿ ಬಾಗಿಲು ತೆರೆದ. ಅವನು ಹೊರಗೆ, ಆಂಗಸ್ ಒಳಗೆ. ಅಂಗಿಯ ಬೆನ್ನಿನ ಮೇಲೆ ಪೈಯ ಕಲೆ ಹಾಗೇ ಇತ್ತು.

ಅವನು ಬಾಗಿಲ ಬಳಿಯೇ ನಿಂತ.

"ಈಗ ಹೇಗಿದ್ದೀಯ?" ಅಲ್ಲಿಂದಲೇ ಕೇಳಿದ.

"ಚೆನ್ನಾಗಿದ್ದೀನಿ ಅಂದ್ರೆ ನೀನು ನಂಬಲ್ವಲ್ಲ."

ಅವನ ತುಟಿಯಲ್ಲಿ ಸಣ್ಣ ನಗು ಬಂದು ಹೋಯಿತು. "ಬ್ರೈಡಿ, ನಾನು ಕ್ಲಬ್ ಬಿಡ್ತೀನಿ. ನಿನಗೆ ಕಣದಲ್ಲಿ ನನ್ನ ಮುಖ ನೋಡೋ ತೊಂದರೆ ಬೇಡ."

"ಆಂಗಸ್, ಬಾಯಿ ಮುಚ್ಕೊಂಡು ಇಲ್ಲಿ ಬಾ."

ಅವನು ಬಂದ.

"ತಪ್ಪು ನಂದು. ನಿನ್ನ ಮಾತು ಕೇಳಲಿಲ್ಲ. ಕೊಟ್ಟ ಮಾತು ಮುರಿದವಳು ನಾನು, ನೀನಲ್ಲ. ಕಚ್ಚಿದ ಕ್ಷಣ ನೀನು ನನ್ನ ಕಣ್ಣೆದುರೇ ಇದ್ದೆ, ಆದ್ರೂ ಹಟ ಮಾಡಿ..." ಅವಳಿಗೆ ಬಿಕ್ಕು ಬಂತು. "ಉಸಿರು ನಿಂತಾಗ ನಂಗೆ ಏನು ಅನ್ನಿಸ್ತು ಗೊತ್ತಾ? ಸಾಯೋಕೆ ಅಷ್ಟು ಭಯ ಆಗಲಿಲ್ಲ. ಇವನಿಗೆ ಹೇಳದೇ ಹೋಗ್ತೀನಲ್ಲ ಅಂತ ಭಯ ಆಯ್ತು."

"ಏನು ಹೇಳದೇ?"

"ಇನ್ನೇನು! ನಿನ್ನ ಕಂಡ್ರೆ ಪ್ರಾಣ ಅಂತ! ಎಲ್ಲಾ ಬಿಡಿಸಿ ಹೇಳ್ಬೇಕಾ ನಿಂಗೆ?"

ಆಂಗಸ್ ಹಾಸಿಗೆಯ ಪಕ್ಕ ಮಂಡಿಯೂರಿದ. ಅವಳ ಕೈ ಹಿಡಿದುಕೊಂಡ.

"ಅಲ್ಲಿ ಮೂರು ಎಣಿಸಿದೆನಲ್ಲ... ಆ ಮೂರು ಎಣಿಸೋ ಹೊತ್ತಲ್ಲಿ ನನ್ನ ಆಯಸ್ಸೇ ಮುಗಿದು ಹೋಯ್ತು ಕಣೇ," ಎಂದ. "ನೀನಿಲ್ಲದ ಈ ಊರಲ್ಲಿ ನಾನೇನು ಮಾಡಲಿ ಅಂತ... ಪ್ರೀತಿ ಅಂತ ಯಾವಾಗಲೋ ಗೊತ್ತಿತ್ತು. ನೀನು ಹಸುವಿನ ಹಾಗೆ ಜಗ್ತೀಯ ಅಂತ ಬೈದಾಗಲೇ!"

ಅವಳು ಅಳುತ್ತಲೇ ನಕ್ಕಳು.

ಬಾಗಿಲು ತಟ್ಟಿ ನರ್ಸಮ್ಮ ಬಂದಳು. ಔಷಧಿಯ ಪೊಟ್ಟಣವೊಂದನ್ನು ಹಾಸಿಗೆಯ ಮೇಲಿಟ್ಟು, "ಮನೆಗೆ ಹೋಗೋವಾಗ ಎರಡು ಹೊಸ ಪೆನ್ನು. ಒಂದು ಸಾಲದೇ ಹೋದರೆ ಇನ್ನೊಂದು ಬೇಕಾಗುತ್ತೆ. ನೀನೆಲ್ಲಿ ಇರ್ತೀಯೋ ಎರಡೂ ಅಲ್ಲೇ ಇರಬೇಕು, ತಿಳೀತಾ?" ಎಂದು, ಇಬ್ಬರ ಮುಖ ನೋಡಿ, ನಗುತ್ತ ಹೊರಟುಹೋದಳು.

ಬ್ರೈಡಿ ಪೊಟ್ಟಣ ಬಿಚ್ಚಿದಳು. ಒಂದು ಪೆನ್ನನ್ನು ತನ್ನ ದಿಂಬಿನ ಪಕ್ಕ ಇಟ್ಟುಕೊಂಡಳು. ಇನ್ನೊಂದನ್ನು ಅವನ ಅಂಗಿಯ ಜೇಬಿಗೆ ಹಾಕಿ ಮೇಲಿಂದ ತಟ್ಟಿದಳು.

"ಇದು ನಿನ್ನ ಹತ್ರ ಇರ್ಲಿ."

"ಕೇಳಿಸಲಿಲ್ವಾ ಅವರು ಹೇಳಿದ್ದು? ಎರಡೂ ನೀನಿರೋ ಕಡೇನೇ ಇರಬೇಕು."

"ಕೇಳಿಸ್ತು ಮೇಷ್ಟ್ರೇ. ಅದಕ್ಕೇ ನಿನ್ನ ಜೇಬಿಗೆ ಹಾಕಿದ್ದು. ಈಗ ನೀನೇ ಲೆಕ್ಕ ಹಾಕು, ನೀನೆಲ್ಲಿರಬೇಕು ಅಂತ!"

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವನ ಕಿವಿಯ ತನಕ ಕೆಂಪೇರಿತು.

"ಎಷ್ಟು ದಿನ?"

"ಪೆನ್ನಿನ ಮೇಲೆ ಬರೆದಿರುತ್ತೆ, ನೋಡು."

ಅವನು ಜೇಬಿನಿಂದ ತೆಗೆದು ಓದಿದ. "ಮುಂದಿನ ವರ್ಷ ಮಾರ್ಚಿಗೆ ಮುಗಿಯುತ್ತೆ."

"ಹೌದಾ?" ಬ್ರೈಡಿ ಅವನ ಹಣೆಗೆ ಹಣೆ ತಾಗಿಸಿದಳು. "ಹಾಗಾದ್ರೆ ಮಾರ್ಚಿಗೆ ಇಬ್ಬರೂ ಹೋಗಿ ಹೊಸದು ತರೋಣ. ಅದಾದ ಮೇಲೆ ಇನ್ನೊಂದು... ಅದಾದ ಮೇಲೆ ಇನ್ನೊಂದು..."